ಆರನೇ ನಂಬರ್ ರೂಮಿನಲ್ಲಿ ಉಳಿದ ಸೀರೆ

“ನಿಮ್ಮ ಯಜಮಾನ್ರು ರೂಮಿನ್ಯಾಗ ಒಂದು ಸೀರಿ ಬಿಟ್ಟು ಹೋಗ್ಯಾರ್ರಿ. ಬಂದು ಒಯ್ರಿ.”

ಫೋನಿನಲ್ಲಿದ್ದವನು ಬಾದಾಮಿಯ ಒಂದು ಲಾಡ್ಜಿನ ಮ್ಯಾನೇಜರ್ ಮುರ್ತುಜಸಾಬ. ಇಳಕಲ್ಲಿನ ಮನೆಯಲ್ಲಿ ಗುರುಲಿಂಗವ್ವ ಒಲೆಯ ಮುಂದೆ ನಿಂತಿದ್ದಳು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

“ನಮ್ಮವರು ರೂಮು ಯಾಕ ಹಿಡೀತಾರ್ರಿ?”

“ಸೀರಿ ಅಂಗಡಿ ಈರಪ್ಪ ಸಾವ್ಕಾರ್ರು ಅಲ್ಲೇನ್ರಿ? ಪ್ರತಿ ಸೋಮವಾರ ಬರ್ತಾರಲ್ಲ. ಏನರ ಉಳದ್ರ ಬುಕ್ಕಿನ್ಯಾಗಿನ ನಂಬರಿಗೆ ಫೋನ್ ಮಾಡೋದು ನಮ್ಮ ಪದ್ಧತಿ. ಈ ಸಲ ಈ ನಂಬರ್ ಬರಸ್ಯಾರ. ನಾಳೆ ಹನ್ನೊಂದಕ್ಕ ಬರ್ರಿ.”

ಈರಪ್ಪ ಸೋಮವಾರ ಬಾದಾಮಿಗೆ ಹೋಗುವುದು ನಿಜ. ಅಲ್ಲಿಯ ಅಂಗಡಿಗಳಿಗೆ ಸೀರೆ ಕೊಟ್ಟು ಸಂಜೆಯ ಬಸ್ಸಿಗೆ ಮನೆ ಸೇರುತ್ತಾನೆ. ಸಂಜೆ ಮನೆ ಸೇರುವವನಿಗೆ ಹಗಲು ರೂಮು ಯಾಕೆ? ಅದೂ ತನ್ನ ನಂಬರ್ ಬಿಟ್ಟು ಹೆಂಡತಿಯ ನಂಬರ್ ಬರೆಸಿದ್ದಾನೆ. ಕಳ್ಳ ಎಷ್ಟೇ ಜಾಣನಾದರೂ ಒಂದು ಕಡೆ ಎಡವುತ್ತಾನೆ ಎಂದುಕೊಂಡಳು ಗುರುಲಿಂಗವ್ವ.

ಊಟಕ್ಕೆ ಕೂತಾಗ ಕೇಳಿಯೇ ಬಿಟ್ಟಳು. “ಬಾದಾಮ್ಯಾಗ ಏನರ ಮರತು ಬಂದೀರೇನು?”

“ಇಲ್ಲ. ನಾ ಏನೂ ಮರತಿಲ್ಲ,” ಅಂದ ಈರಪ್ಪ. ತಾಟಿನಿಂದ ತಲೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಬಾಗಲಕೋಟೆಗೆ ಹೋಗಿ ಬರ್ತೇನಿ ಎಂದು ಅವನು ಹೊರಟ. ಅವನ ಬೆನ್ನು ಮರೆಯಾಗುವುದೇ ತಡ, ಗುರುಲಿಂಗವ್ವ ಮನೆಗೆ ಕೀಲಿ ಹಾಕಿ ಬಾದಾಮಿ ಬಸ್ಸು ಹತ್ತಿದಳು.

ಗುಡೂರಿನಲ್ಲಿ ಹತ್ತಿದ ಒಬ್ಬ ಮುದುಕಿ ಪಕ್ಕದಲ್ಲಿ ಕೂತು, ಕೂತ ಕೂಡಲೇ ಸಂಸಾರದ ವಿಚಾರಣೆಗೆ ಇಳಿದಳು. “ಮಕ್ಕಳೆಷ್ಟವ್ವಾ?”

“ಇಲ್ಲ,” ಅಂದಳು ಗುರುಲಿಂಗವ್ವ. ಈಗೀಗ ಆ ಉತ್ತರ ನಾಲಿಗೆಗೆ ರೂಢಿಯಾಗಿತ್ತು.

ಹಾಗೆ ಅಂದಮೇಲೆ ಒಂದು ಮಾತು ನೆನಪಾಯಿತು. ಯುಗಾದಿಯ ದಿನ ಈರಪ್ಪ ಬೇವು ಬೆಲ್ಲ ಕೈಯಲ್ಲಿ ಹಿಡಿದು, “ಮನ್ಯಾಗ ಒಂದು ಕೂಸು ಆಡಿಕೊಂಡಿದ್ರ ಎಷ್ಟು ಚಂದ ಇರ್ತಿತ್ತು,” ಅಂದಿದ್ದ. ಅವಳು ಎದ್ದು ಒಳಗೆ ಹೋಗಿದ್ದಳು. ಆಮೇಲೆ ಅವನು ಆ ಮಾತು ಎತ್ತಿರಲಿಲ್ಲ. ಮಾತು ನಿಂತ ಮೇಲೆ ಕೆಲಸ ಶುರುವಾಯಿತೋ ಏನೋ! ಐವತ್ತೈದು ದಾಟಿದ ಗಂಡಸು.

ಲಾಡ್ಜಿನಲ್ಲಿ ಮುರ್ತುಜಸಾಬ ಎದ್ದು ನಿಂತು ಕುರ್ಚಿ ಕೊಟ್ಟ. ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡ. ಅವಳ ಕಣ್ಣು ಮೇಲಿನ ಸಾಲಿಗೆ ಹೋಗುತ್ತಲೇ ಅಂಗೈಯಿಂದ ಪುಟ ಮುಚ್ಚಿದ.

“ಜೋಡಿ ಯಾರ ಬರ್ತಿದ್ರು?”

“ಹೆಸರು ನಾ ಹೇಳಿದ್ರ ಚಂದ ಅಲ್ಲರಿ ತಾಯಿ.”

ಚಂದವಂತೆ! ಅವಳ ಕೆನ್ನೆ ಉರಿಯಿತು. ಅಷ್ಟರಲ್ಲಿ ರೂಮು ಗುಡಿಸುವ ಬಾನುಬಿ ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಚೀಲ ಹಿಡಿದು ಬಂದಳು. ಚಹಾವನ್ನು ಗುರುಲಿಂಗವ್ವ ಮುಟ್ಟಲಿಲ್ಲ. ಚೀಲ ತಮ್ಮ ಅಂಗಡಿಯದೇ. ಬಿಚ್ಚಿದರೆ ಹಸಿರು ಇಳಕಲ್ ಸೀರೆ, ಕೆಂಪು ಸೆರಗು. ಮಾರಬೇಡ್ರಿ ಎಂದು ತಾನೇ ಕಪಾಟಿನ ತಳದಲ್ಲಿ ಎತ್ತಿಟ್ಟಿದ್ದ ಸೀರೆ. ಅದರ ಕೆಳಗೆ ಹಸಿರು ಬಳೆ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣದ ಬೇರು.

ಇದು ಉಡಿ ತುಂಬುವ ಸಾಮಾನು. ಕುಬಸದ ಸೀರೆ. ಬಸುರಿಗೆ ಉಡಿಸುವುದು.

“ಏಳು ತಿಂಗಳಾಗ್ಯಾವರಿ ಆಕಿಗೆ,” ಅಂದಳು ಬಾನುಬಿ. “ಸಾವ್ಕಾರ್ರು ಕೈ ಹಿಡಕೊಂಡು ಮೆಟ್ಟಲ ಹತ್ತಿಸ್ತಾರ. ಡಬ್ಬ್ಯಾಗ ಹೋಳಗಿ ತಂದು ತಿನಸ್ತಾರ. ಭಾಳ ಜೀವ ಆಕಿ ಮ್ಯಾಲ.”

ಸೋಮವಾರ ಸೋಮವಾರ ಆ ಡಬ್ಬಿಗೆ ಹೋಳಿಗೆ ಕಟ್ಟಿದವಳು ಗುರುಲಿಂಗವ್ವನೇ. ಒಂದು ಹೆಚ್ಚಿಗೆ ಇಡು ಅಂತ ಅವನು ಕೇಳಿದಾಗಲೆಲ್ಲ, ದುಡಿಯುವ ಜೀವ, ತಿನ್ನಲಿ ಅಂತ ಎರಡು ಇಟ್ಟಿದ್ದಳು.

“ಮನ್ನೆ ನಾನs ಉಡಿ ತುಂಬ್ತೇನಿ ಅಂದ್ನಿರಿ. ಆಕಿ ಒಲ್ಲೆ ಅಂದ್ಲು. ಕಣ್ಣಾಗ ನೀರು ತಂದ್ಲು.”

“ಈಗ ಎಲ್ಲಿ ಅದಾಳ?”

“ಮ್ಯಾಲ. ಆರನೇ ನಂಬರ್.”

ಗುರುಲಿಂಗವ್ವ ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಸೀರೆಯನ್ನು ಆಕೆಯ ಮುಖಕ್ಕೆ ಎಸೆಯಬೇಕು, ಇಪ್ಪತ್ತೆಂಟು ವರ್ಷ ಬಾಳಿದ್ದಕ್ಕೆ ಇದಾ ಬಹುಮಾನ ಎಂದು ಕೇಳಬೇಕು. ಹಾಗೆಂದುಕೊಂಡಳೇ ಹೊರತು ನಡುವೆಯೇ ಒಮ್ಮೆ ನಿಂತಳು. ಅವಳಿಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು. ಈರಪ್ಪನೂ ಕೈಬಿಟ್ಟರೆ ಆ ಮನೆಯಲ್ಲಿ ತನಗೆ ಇನ್ಯಾರಿದ್ದಾರೆ?

ಬಾಗಿಲು ಓರೆಯಾಗಿತ್ತು. ಒಳಗೆ ಕೆಮ್ಮು ಕೇಳಿಸಿತು. ಗುರುತು ಹತ್ತದ ಕೆಮ್ಮಲ್ಲ. ಬಾಗಲಕೋಟೆಗೆ ಹೋದವನು ಇಲ್ಲಿ ಕೂತಿದ್ದಾನೆ!

ಅವಳು ಬಾಗಿಲು ದೂಡಿದಳು. ಈರಪ್ಪ ತಡಬಡಿಸಿ ಎದ್ದು ಗೋಡೆಗೆ ಆತು ನಿಂತ. ಮಂಚದ ಮೇಲೆ ಬೆನ್ನು ಮಾಡಿ ಕೂತಿದ್ದ ಹುಡುಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮೆಲ್ಲಗೆ ಎದ್ದು ತಿರುಗಿದಳು.

ನೇತ್ರಾ. ಮೂರು ವರ್ಷದ ಹಿಂದೆ ನವೀದನನ್ನು ಮದುವೆಯಾದ ದಿನ, ನನ್ನ ಪಾಲಿಗೆ ಸತ್ತಳು ಎಂದು ಗುರುಲಿಂಗವ್ವ ತಲೆಯ ಮೇಲೆ ನೀರು ಸುರಿದುಕೊಂಡು ಕಳೆದುಕೊಂಡ ಒಬ್ಬಳೇ ಮಗಳು.

“ಅಪ್ಪಗ ಉಡಿ ತುಂಬಾಕ ಬರೂದಿಲ್ಲವ್ವಾ,” ಅಂದಳು ನೇತ್ರಾ. “ಅದಕ್ಕs ನಿನ್ನ ನಂಬರ್ ಬರಸ್ಯಾನ.”