ಎರಡೇ ಮಾತು

ರೇಡಿಯೋ ಸ್ಟುಡಿಯೋದ ಬಾಗಿಲು ಮುಚ್ಚಿ ನಿರೂಪಕಿ ಮೈಕನ್ನು ಯಜಮಾನರ ಹೆಂಡತಿಯ ಕಡೆ ತಿರುಗಿಸಿದಳು. ಆಕೆ ಅದನ್ನು ಮೆಲ್ಲಗೆ ವಾಪಸ್ ಅವಳ ಕಡೆಗೇ ತಿರುಗಿಸಿಬಿಟ್ಟರು.

"ನನ್ನ ಕೈಲಾಗಲ್ಲಮ್ಮ. ಮನೇಲೇ ನಾನು ಬಾಯಿ ತೆಗೆಯೋಕೆ ಅವರು ಬಿಡ್ತಿರಲಿಲ್ಲ. ಇನ್ನು ಊರಿಗೆಲ್ಲ ಕೇಳೋ ಹಾಗೆ ಇಲ್ಲಿ ಏನು ಹೇಳಲಿ?"

"ಏನಾದ್ರೂ ಸರಿ, ಅಮ್ಮ. ಅಮ್ಮ ಮಾತಾಡ್ತಾರಾ ಅಂತ ಬೆಳಿಗ್ಗೆಯಿಂದ ಜನ ಫೋನ್ ಮಾಡ್ತಾನೇ ಇದ್ದಾರೆ."

ಆಕೆ ತಲೆಯಾಡಿಸಿದರು, ಅಷ್ಟೆ. ಯಜಮಾನರು ತೀರಿಕೊಂಡಾಗಿನಿಂದ ಇದೇ ಆಗಿತ್ತು. ಮಾತಾಡಿಸಲು ಬಂದವರಿಗೆಲ್ಲ ತಲೆಯಾಡಿಸಿ ಕಳಿಸುತ್ತಿದ್ದರು. ಅತ್ತಿದ್ದೂ ಇಲ್ಲ, ಆಡಿದ್ದೂ ಇಲ್ಲ. ಹೀಗೇ ಒಳಗೊಳಗೇ ಕೊರಗಿ ಹಾಸಿಗೆ ಹಿಡಿದರೆ ಗತಿಯೇನು ಎಂದು ನಿರೂಪಕಿಗೆ ಭಯ. ಅದಕ್ಕೇ ಯಜಮಾನರ ನೆನಪಿನ ಈ ಕಾರ್ಯಕ್ರಮಕ್ಕೆ ಹಟ ಹಿಡಿದು ಕರೆತಂದಿದ್ದಳು.

ಊರಿನ ರೇಡಿಯೋ ಕೇಂದ್ರ ಯಜಮಾನರದು, ಊರಿನಲ್ಲಿ ನಡೆಯುವ ಸಂಗೀತ ಕಚೇರಿಗಳೂ ಅವರವೇ. ಹಾಡುವವರನ್ನು ಕರೆಸುವವರು ಅವರು, ಟಿಕೆಟ್ ಮಾರುವವರು ಅವರು, ಕುರ್ಚಿ ಸಾಲದಿದ್ದರೆ ಪಕ್ಕದ ಮನೆಯಿಂದ ಬೆಂಚು ಹೊತ್ತು ತರುವವರೂ ಅವರೇ. ಕಷ್ಟವೆಂದರೆ, ಪರದೆ ಸರಿದ ಕೂಡಲೇ ಮೊದಲು ಮೈಕ್ ಹಿಡಿಯುವವರೂ ಅವರೇ. "ಎರಡೇ ಮಾತು ಹೇಳಿ ಕೂತ್ಕೋತೀನಿ" ಎಂದು ಶುರುಹಚ್ಚಿಕೊಂಡರೆ, ಹಿಂದೆ ಕೂತ ಪಿಟೀಲಿನವನು ಎರಡೆರಡು ಸಲ ಶ್ರುತಿ ಮಾಡಿಕೊಂಡು, ಒಂದು ಕೋಳಿನಿದ್ದೆಯನ್ನೂ ಮುಗಿಸಿ ಏಳುತ್ತಿದ್ದ. ಊರವರು ಅವರಿಗೆ 'ಎರಡೇ ಮಾತು' ಎಂದೇ ಹೆಸರಿಟ್ಟಿದ್ದರು. ಹೆಂಡತಿಯಂತೂ ಮನೆಯಲ್ಲಿ ಒಂದು ರೇಡಿಯೋ ಇರುವಾಗ ಇನ್ನೊಂದು ಯಾಕೆ ಎಂದು ಬೇರೆ ರೇಡಿಯೋವನ್ನೇ ಇಟ್ಟುಕೊಂಡಿರಲಿಲ್ಲ.

"ಒಂದು ಕೆಲಸ ಮಾಡಮ್ಮ," ಎಂದರು ಆಕೆ ಕೊನೆಗೆ. "ಅವರಿಗೋಸ್ಕರ ಒಂದು ನಿಮಿಷ ಎಲ್ಲರೂ ಮೌನವಾಗಿರೋಣ. ಬದುಕಿದ್ದಾಗ ಒಂದು ನಿಮಿಷ ಸುಮ್ನಿರಲಿಲ್ಲ, ಪುಣ್ಯಾತ್ಮ. ಈಗಲಾದ್ರೂ ಇರಲಿ."

ನಿರೂಪಕಿ ನಗು ನುಂಗಿಕೊಂಡು, ಹಾಕಿದ್ದ ಹಾಡು ನಿಲ್ಲಿಸಿ ಮೈಕಿನಲ್ಲಿ ಊರವರನ್ನು ಕೇಳಿಕೊಂಡಳು. ಊರು ಮಾತು ಕೇಳಿತು. ಕಿಟಕಿಯಾಚೆ ಎದುರಿನ ಕ್ಷೌರದಂಗಡಿಯವನು ಕತ್ತಿಯನ್ನು ಗಾಳಿಯಲ್ಲೇ ಹಿಡಿದು ನಿಂತ. ಅವನ ಗಿರಾಕಿ ಅರ್ಧ ಮುಖದ ನೊರೆಯೊಂದಿಗೇ ಎದ್ದು ನಿಂತ. ಬಸ್ಸಿನವನೊಬ್ಬ ಎಂಜಿನ್ ಆರಿಸಿದ. ಯಜಮಾನರಿಗೆ ಇಷ್ಟು ಮರ್ಯಾದೆ ಸಿಕ್ಕಿತಲ್ಲ ಎಂದು ನಿರೂಪಕಿ ಕಿಟಕಿಯತ್ತ ಬಾಗಿ ನೋಡಿದಳು.

ಅಷ್ಟರಲ್ಲಿ ಮೂಲೆಯ ಯಂತ್ರದಲ್ಲಿ ಹಸಿರು ದೀಪ ಹೊತ್ತಿಕೊಂಡಿತು. ರೇಡಿಯೋ ಸದ್ದಿಲ್ಲದೆ ಕೂತರೆ ಯಜಮಾನರಿಗೆ ಆಗಿಬರುತ್ತಿರಲಿಲ್ಲ. ಅದಕ್ಕೆಂದೇ ಆ ಯಂತ್ರ ಇಡಿಸಿದ್ದರು. ಇಪ್ಪತ್ತು ಸೆಕೆಂಡು ಮೌನವಾದರೆ ಸಾಕು, ಅದು ತಾನಾಗಿಯೇ ಅವರ ಧ್ವನಿಯ ರೆಕಾರ್ಡು ಹಾಕಿಬಿಡುತ್ತಿತ್ತು. ಅದನ್ನು ನೋಡಿಕೊಳ್ಳುವ ತಂತ್ರಜ್ಞ ಇವತ್ತು ಸಂಜೆಯ ಸ್ಮರಣೆಯ ಕಚೇರಿಗೆ ಸ್ಪೀಕರ್ ಕಟ್ಟಿಸಲು ಹೋಗಿದ್ದ. ಕೆಲಸಕ್ಕೆ ಸೇರಿದ ಮೇಲೆ ನಿರೂಪಕಿ ಅಷ್ಟು ಹೊತ್ತು ಬಾಯಿ ಮುಚ್ಚಿದ್ದೇ ಇಲ್ಲವಾದ್ದರಿಂದ ಅಂಥದ್ದೊಂದು ಇದೆ ಎನ್ನುವುದೇ ಅವಳಿಗೆ ಮರೆತುಹೋಗಿತ್ತು.

"ನಮಸ್ಕಾರ, ನಮಸ್ಕಾರ," ಎಂದಿತು ಆ ಪರಿಚಿತ ದಪ್ಪ ಧ್ವನಿ. "ನಿಮ್ಮ ರೇಡಿಯೋ ಕೆಟ್ಟಿಲ್ಲ, ಅದಕ್ಕೆ ಗುದ್ದಬೇಡಿ. ನಮ್ಮವರು ಯಾರೋ ಮೈಕ್ ಬಿಟ್ಟು ಎದ್ದು ಹೋಗಿರಬೇಕು. ಅಲ್ಲಿ ತನಕ ನಾನಿದ್ದೀನಲ್ಲ, ಎರಡೇ ಮಾತು ಹೇಳ್ತೀನಿ."

ನಿರೂಪಕಿ ಗಾಬರಿಯಿಂದ ಯಂತ್ರದ ಸ್ವಿಚ್ಚಿಗೆ ಕೈಹಾಕಿದಳು. ಹೆಂಡತಿ ಅವಳ ಮಣಿಕಟ್ಟು ಹಿಡಿದುಕೊಂಡರು.

"ಬೇಡ. ಮಾತಾಡಲಿ ಬಿಡು."

"ಈ ಶನಿವಾರದ ಕಚೇರಿಗೆ ಎಲ್ಲರೂ ಬನ್ನಿ," ಎನ್ನುತ್ತಿದ್ದರು ಯಜಮಾನರು. "ಯಾವ ಶನಿವಾರ ಅಂತ ಕೇಳಬೇಡಿ, ನನ್ನ ಕಚೇರಿ ಇಲ್ಲದ ಶನಿವಾರ ಯಾವುದಿದೆ? ಮುಂದಿನ ಸಾಲು ಭರ್ತಿ. ಒಂದು ಕುರ್ಚಿ ಮಾತ್ರ ಖಾಲಿ ಇರುತ್ತೆ, ಅದರಲ್ಲಿ ಯಾರೂ ಕೂರಬೇಡಿ. ಅದು ನಮ್ಮ ಮನೆಯವಳದ್ದು. ಅಲ್ಲೂ ನಿಮ್ಮ ಮಾತೇ ಕೇಳಬೇಕಾ ಅಂತ ಅವಳು ಬರೋದೇ ಇಲ್ಲ. ಆದ್ರೂ ಇಟ್ಟಿರ್ತೀನಿ. ಯಾವತ್ತಾದ್ರೂ ಮನಸ್ಸು ಬದಲಾದ್ರೆ ಪಾಪ ನಿಂತ್ಕೋಬಾರದಲ್ಲ."

ಹೆಂಡತಿ ಈ ರೆಕಾರ್ಡು ಕೇಳುತ್ತಿದ್ದದ್ದು ಇದೇ ಮೊದಲು. ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು, ನಗುನಗುತ್ತಲೇ ಅತ್ತರು. ಅಷ್ಟು ದಿನ ತಡೆದಿಟ್ಟದ್ದೆಲ್ಲ ಒಟ್ಟಿಗೇ ಬಂತು. ಎದುರಿನ ಅಂಗಡಿಯಲ್ಲಿ ಅರ್ಧ ನೊರೆಯ ಗಿರಾಕಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಯಜಮಾನರು "ಇಷ್ಟು ಹೇಳಿ ಮುಗಿಸ್ತೀನಿ" ಎಂದರು, ಮುಗಿಸಲಿಲ್ಲ. ಇನ್ನೊಮ್ಮೆ ಹಾಗೇ ಹೇಳಿ ಇನ್ನಷ್ಟು ಮಾತಾಡಿ, ಅಂತೂ ನಿಲ್ಲಿಸಿದರು.

ಆಕೆ ಕಣ್ಣೊರೆಸಿಕೊಂಡು ಮೈಕನ್ನು ತಾವೇ ಎಳೆದುಕೊಂಡರು. ನಿರೂಪಕಿ ಮೈಕಿನ ಸ್ವಿಚ್ ಒತ್ತಿದಳು.

"ಮುಗೀತಾ ನಿಮ್ಮದು?" ಎಂದು ಕೇಳಿ ಆಕೆ, ಉತ್ತರ ಬರುತ್ತದೇನೋ ಎಂಬಂತೆ ಸ್ವಲ್ಪ ಕಾದರು. "ಸಂಜೆ ಆ ಕುರ್ಚಿಗೆ ಬರ್ತೀನಿ. ಈಗ ಮಧ್ಯೆ ಬಾಯಿ ಹಾಕದೆ ಕೇಳಿ. ನಾನೂ ಎರಡೇ ಮಾತು ಹೇಳ್ತೀನಿ."

ನಿರೂಪಕಿ ಆಮೇಲೆ ಹಾಕಲೆಂದು ತೆಗೆದಿಟ್ಟಿದ್ದ ಹಾಡುಗಳನ್ನೆಲ್ಲ ಪಕ್ಕಕ್ಕೆ ಸರಿಸಿದಳು.