ಗಂಟೆ, ಬೂದಿ, ದೀಪ

“ನಿಮ್ಮಲ್ಲಿ ಮನುಷ್ಯರಲ್ಲದವರು ಇದಾರೆ,” ಅಂದ ಅಮರ್. “ಇವತ್ತು ತೀರ್ಮಾನ ಆಗ್ಲೇಬೇಕು.”

ಸುಪ್ರಜಾ ಬಾಯಲ್ಲಿದ್ದ ಕೋಡುಬಳೆ ಅಗಿಯೋದನ್ನೇ ನಿಲ್ಲಿಸಿದ್ಳು. ಕಟುಂ ಅಂದ್ರೂ ಸಾಕು, ಸಿಕ್ಕಿಬೀಳ್ತೀನಿ ಅನ್ನೋ ಹಂಗೆ.

ಶಂಕರಪುರಂ. ಅಮರ್ ಮನೆ ಮಹಡಿ ರೂಮು. ಭಾನುವಾರ ಮಧ್ಯಾಹ್ನ. ಆಟ ಏನಪ್ಪಾ ಅಂದ್ರೆ, ಅಮರ್ ಕಥೆ ಹೇಳ್ತಾನೆ, ಉಳಿದ ಮೂವರು ಅದರೊಳಗಿನ ಪಾತ್ರ ಆಗ್ತಾರೆ, ಬದುಕೋದು ಸಾಯೋದು ದಾಳದ ಕೈಲಿ. ಕಥೇಲಿ ಯಾವುದೋ ಹಳೇ ಕಾಲದ ಕತ್ತಲೆ ರಾಜ್ಯ. ಅಲ್ಲಿ ದೇವರ ಹೆಸರಲ್ಲಿ ರಾಕ್ಷಸರನ್ನ ಬೇಟೆಯಾಡೋ ಮೂರು ಪಂಗಡ. ಗಂಟೆಯವರು, ಬೂದಿಯವರು, ದೀಪದವರು. ಒಬ್ಬರ ಮುಖ ಕಂಡ್ರೆ ಇನ್ನೊಬ್ಬರಿಗಾಗಲ್ಲ. ಪ್ರತಿ ಪಂಗಡಕ್ಕೂ ಅದರದ್ದೇ ಪರೀಕ್ಷೆ. ಗಂಟೆ ಹೊಡೆದ್ರೆ ರಾಕ್ಷಸರ ಕಿವೀಲಿ ರಕ್ತ ಬರುತ್ತೆ. ಬೂದಿ ಹಚ್ಚಿದ್ರೆ ಹಣೆ ಸುಡುತ್ತೆ. ದೀಪ ಹಿಡಿದ್ರೆ ಅವರ ನೆರಳೇ ಬೀಳಲ್ಲ.

ಕೈಲಾಸ್ ಗಂಟೆಯವನು. ಸಾನ್ವಿ ಬೂದಿಯವಳು. ಸುಪ್ರಜಾ ದೀಪದವಳು.

ಮತ್ತೆ, ರಾಕ್ಷಸಿ ಕೂಡ.

ಆಟ ಶುರುವಾದ ದಿನ ಅಮರ್ ಒಬ್ಬೊಬ್ಬರನ್ನೇ ಮೆಟ್ಟಿಲ ಹತ್ರ ಕರ್ಕೊಂಡು ಹೋಗಿ, ಅವರವರ ಗುಟ್ಟನ್ನ ಕಿವೀಲಿ ಹೇಳಿದ್ದ. ಅದನ್ನ ಬಾಯಿ ಬಿಡೋ ಹಂಗಿಲ್ಲ. ಈ ಮೇಜಿನ ಪದ್ಧತಿ ಅದು. ಸುಪ್ರಜಾ ಕಿವಿಗೆ ಬಿದ್ದಿದ್ದು: “ಮನುಷ್ಯರ ವೇಷದಲ್ಲಿರೋ ರಾಕ್ಷಸಿ ನೀನು. ಬಚ್ಚಿಟ್ಕೋ.”

ಇನ್ನೊಂದು ಪದ್ಧತಿನೂ ಇತ್ತು. ಪಾತ್ರ ಸತ್ರೆ ಕುರ್ಚಿ ಖಾಲಿ ಮಾಡ್ಬೇಕು. ಆ ಜಾಗಕ್ಕೆ ಅಮರ್ ಕ್ಲಾಸಿನ ಹುಡುಗರು ತುದಿಗಾಲಲ್ಲಿ ಕಾಯ್ತಿದ್ರು.

ಆ ಕುರ್ಚಿ ಬಿಟ್ರೆ ಸುಪ್ರಜಾಗೆ ಬೆಂಗಳೂರಲ್ಲಿ ಇನ್ನೇನಿದೆ? ಚಾಮರಾಜಪೇಟೆ ಪೀಜೀಲಿ ರೂಮ್‌ಮೇಟು ಹೆಡ್‌ಫೋನ್ ಹಾಕ್ಕೊಂಡೇ ಹುಟ್ಟಿದ ಹಂಗಿದ್ಳು. ವಾರವಿಡೀ ಅವಳ ಹೆಸರು ಜೋರಾಗಿ ಕೂಗೋರು ಅಟೆಂಡೆನ್ಸ್ ತಗೊಳ್ಳೋ ಮೇಷ್ಟ್ರು ಮಾತ್ರ. ಈ ಮಹಡಿ ರೂಮಲ್ಲಾದ್ರೆ “ಏಯ್ ದೀಪ, ಹಿಂದೆ ನೋಡೇ!” ಅಂತ ಯಾರಾದ್ರೂ ಕಿರುಚೋರು. ಅದಕ್ಕೇ ಮಳೇಲೂ ಬರ್ತಿದ್ಳು, ಜ್ವರದಲ್ಲೂ ಬರ್ತಿದ್ಳು.

ಹಂಗಂತ ಫ್ರೆಂಡ್ಸ್ ಆಗಿದ್ರು ಅಂತಲ್ಲ. ಆಟ ಮುಗಿದ ತಕ್ಷಣ ಅವಳು ಎದ್ದು ಓಡೋಳು. ಗಾಂಧಿ ಬಜಾರಲ್ಲಿ ದೋಸೆ ತಿಂತಾ ಹರಟೋಕೆ ಕೂತ್ರೆ ಎಲ್ಲಿ ಬಾಯಿ ಜಾರುತ್ತೋ ಅನ್ನೋ ಭಯ. ಅವರೂ ಕರೀತಿರ್ಲಿಲ್ಲ. ಕೈಲಾಸ್ ಹೆಲ್ಮೆಟ್ ಹಾಕ್ಕೊಂಡೇ ಮೆಟ್ಟಿಲಿಳಿಯೋನು. ಸಾನ್ವಿ ಯಾರದೋ ಫೋನ್ ಬಂತು ಅಂತ ಸರಕ್ಕಂತ ಜಾರ್ಕೊಳ್ಳೋಳು, ಫೋನ್ ರಿಂಗೇ ಆಗಿರ್ತಿರ್ಲಿಲ್ಲ. ನಾನಂದ್ರೆ ಇವರಿಗೆ ಆಗಲ್ಲ, ಅಂದ್ಕೊಂಡಿದ್ಳು ಸುಪ್ರಜಾ.

ಅಮರ್ ಅಜ್ಜಿ ತುಳಸಮ್ಮ ಕಾಫಿ ತಂದಿಟ್ರು. “ಏನ್ರೋ, ಸಿಕ್ತೇನ್ರೋ ದೆವ್ವ? ತಿಂಗಳುಗಟ್ಲೆ ಹುಡುಕ್ತಿದೀರ. ನನ್ನ ಕೈಗೊಂದು ಪೊರಕೆ ಕೊಡಿ, ಈಗ್ಲೇ ಓಡಿಸ್ತೀನಿ.”

ಮೂವರೂ ಬೇಕಾಗಿದ್ದಕ್ಕಿಂತ ಜೋರಾಗಿ ನಕ್ರು.

ಅಜ್ಜಿ ಕೆಳಗಿಳಿದ ಮೇಲೆ ಅಮರ್ ದನಿ ತಗ್ಗಿಸಿದ. “ಮಠದ ಗುರುಗಳು ಸತ್ತು ಬಿದ್ದಿದಾರೆ. ಬಾಗಿಲು ಒಳಗಿಂದ ಹಾಕಿದೆ. ಇರೋದು ನೀವು ಮೂರೇ ಜನ. ಪರೀಕ್ಷೆ ಮಾಡ್ತೀರಾ?”

“ಸುಪ್ರಜಾ, ದೀಪ ಹಚ್ಚೇ,” ಅಂದ ಕೈಲಾಸ್.

“ಎಣ್ಣೆ ಮುಗಿದಿದೆ ಕಣೋ. ನೀನೇ ಗಂಟೆ ಹೊಡಿ.”

“ಗಂಟೆ ಬಿರುಕು ಬಿಟ್ಟಿದೆ ಕಣೇ. ಹೋದ ವಾರ ಬಂಡೆ ಮೇಲೆ ಬಿತ್ತಲ್ಲ.”

“ನನ್ನ ಕಡೆ ನೋಡ್ಬೇಡಿ,” ಸಾನ್ವಿ ಕಾಫಿ ಲೋಟ ತಿರುಗಿಸ್ತಾ ಅಂದ್ಳು. “ನದಿ ದಾಟುವಾಗ್ಲೇ ಬೂದಿಯೆಲ್ಲಾ ಒದ್ದೆ.”

ಸುಪ್ರಜಾ ಒಳಗೊಳಗೇ ಉಸಿರು ಬಿಟ್ಳು. ಎಂಥಾ ಅದೃಷ್ಟ ನಂದು!

“ಸರಿ ಹಂಗಾದ್ರೆ,” ಅಂದ ಅಮರ್. “ಬೆರಳು ತೋರಿಸಿ. ಇಬ್ಬರ ಬೆರಳು ಯಾರ ಕಡೆ ತಿರುಗುತ್ತೋ, ಅವರು ಚಿತೆಗೆ.”

ಕೈಲಾಸ್ ಬೆರಳು ಬಾಣದ ಹಂಗೆ ಸಾನ್ವಿ ಕಡೆ ಹೋಯ್ತು. ಅವನು ಯಾಕೋ ಅವಳ ಮುಖ ನೋಡ್ಲಿಲ್ಲ.

ಇನ್ನು ಸುಪ್ರಜಾ ಸರದಿ. ಇಷ್ಟು ಸುಲಭಾನಾ? ಒಂದು ಬೆರಳು ತಿರುಗಿಸಿದ್ರೆ ಸಾಕು, ಕುರ್ಚಿ ಉಳಿಯುತ್ತೆ, ಭಾನುವಾರ ಉಳಿಯುತ್ತೆ. ಅವಳು ಕೈ ಎತ್ತಿದ್ಳು.

“ಪ್ಲೀಸ್ ಕಣೆ,” ಅಂದ್ಳು ಸಾನ್ವಿ. ಆಟದ ದನಿ ಅಲ್ಲ ಅದು. “ಇದೂ ಹೋದ್ರೆ ಭಾನುವಾರ ನಾನೆಲ್ಲಿಗೆ ಹೋಗ್ಲಿ?”

ಸುಪ್ರಜಾ ಕೈ ಗಾಳೀಲೇ ನಿಂತ್ಬಿಡ್ತು. ಈ ಮಾತನ್ನ ಪ್ರತಿ ಶನಿವಾರ ಪೀಜಿ ಮಂಚದ ಮೇಲೆ ಮಲ್ಕೊಂಡು ಅವಳೇ ಅಂದ್ಕೊಳ್ತಿದ್ಳು. ಒಂದಕ್ಷರ ಆಚೀಚೆ ಇಲ್ಲ.

ಬೆರಳನ್ನ ನಿಧಾನವಾಗಿ ತಿರುಗಿಸಿ ತನ್ನ ಎದೆಗೇ ಇಟ್ಕೊಂಡ್ಳು.

“ಅವಳನ್ನ ಬಿಡಿ. ರಾಕ್ಷಸಿ ನಾನು. ಮೊದಲನೇ ದಿನವೇ ಅಮರ್ ಕಿವೀಲಿ ಹೇಳಿದ್ದ.” ಬ್ಯಾಗ್ ಹೆಗಲಿಗೆ ಹಾಕ್ಕೊಂಡ್ಳು. ಕಣ್ಣು ತುಂಬ್ಕೊಂಡು ಬಾಗಿಲು ಎಲ್ಲಿದೆ ಅಂತಾನೇ ಕಾಣಿಸ್ಲಿಲ್ಲ. “ಬರ್ತೀನಿ. ಚೆನ್ನಾಗಿ ಆಡಿ.”

ಬಾಗಿಲ ಹತ್ರ ಹೋಗೋಷ್ಟರಲ್ಲಿ ಹಿಂದಿನಿಂದ ಸಾನ್ವಿ ಅವಳ ಬ್ಯಾಗ್ ಹಿಡಿದು ಜಗ್ಗಿದ್ಳು.

“ನನ್ನ ಉಳಿಸೋಕೆ ಸುಳ್ಳು ಹೇಳ್ತಿದೀಯೇನೇ? ರಾಕ್ಷಸಿ ನಾನು ಕಣೆ. ಅಮರ್ ಹೇಳಿದ್ದು ನನಗೆ.”

ಇಬ್ಬರೂ ಒಟ್ಟಿಗೇ ಅಮರ್ ಕಡೆ ತಿರುಗಿದ್ರು. ಅಮರ್ ಮಾತ್ರ ಇವರ ಕಡೆ ನೋಡ್ತಿರ್ಲಿಲ್ಲ. ಅವನ ಕಣ್ಣು ಕೈಲಾಸ್ ಮೇಲಿತ್ತು.

ಕೈಲಾಸ್ ಚಾಚಿದ್ದ ಬೆರಳನ್ನ ಮಡಚಿಕೊಂಡು ತಲೆ ತಗ್ಗಿಸಿದ.

“ನಂಗೂ ಅದನ್ನೇ ಹೇಳಿದ್ದ ಕಣ್ರೇ.”