ಗಂಡ ಆರಿಸಿದ ಸೈಜು

ಮೇಜಿನ ಮೇಲಿದ್ದ ಸಿಲಿಕೋನ್ ಸ್ತನದ ಮಾದರಿಗಳನ್ನು ಗಂಡ ಎರಡೂ ಅಂಗೈಯಲ್ಲಿಟ್ಟುಕೊಂಡು, ಕರಬೂಜ ಆರಿಸುವವನ ಗಾಂಭೀರ್ಯದಿಂದ ತೂಗಿ ನೋಡಿದ. "ಇದೇ ಸೈಜ್ ಇರ್ಲಿ ಡಾಕ್ಟ್ರೇ," ಎಂದು ದೊಡ್ಡದನ್ನು ಎತ್ತಿ ಹಿಡಿದ.

ಹೆಂಡತಿಯ ಅಮ್ಮ, ಅಕ್ಕ ಇಬ್ಬರೂ ಸ್ತನ ಕ್ಯಾನ್ಸರಿನಿಂದಲೇ ಹೋಗಿದ್ದರು. ತನಗೂ ಬರುವ ಮೊದಲೇ ಎರಡನ್ನೂ ತೆಗೆಸಿಕೊಳ್ಳಲು ಅವಳು ಬಂದಿದ್ದಳು. ರೋಬೋಟಿನ ಕೈ ಕಂಕುಳ ಬಳಿಯ ಪುಟ್ಟ ಸೀಳಿನಿಂದಲೇ ಒಳಗಿನದನ್ನೆಲ್ಲ ತೆಗೆಯುತ್ತದೆ, ಚರ್ಮ ಹಾಗೇ ಉಳಿಯುತ್ತದೆ, ಅದರೊಳಗೆ ಇಂಥದ್ದನ್ನು ಇಡಬಹುದು ಎಂದು ಡಾಕ್ಟರ್ ಹೇಳಿದಾಗಲೇ ಗಂಡನ ತಲೆ ಮೊಬೈಲಿನಿಂದ ಮೇಲೆದ್ದಿದ್ದು.

"ನೀವೇನಂತೀರಮ್ಮ?" ಡಾಕ್ಟರ್ ಅವಳನ್ನು ಕೇಳಿದರು.

"ನಂಗೆ ಯಾವ ಸೈಜೂ ಬೇಡ, ರೋಬೋಟೂ ಬೇಡ. ನೀವೇ ತೆಗೆದು ಚಪ್ಪಟೆಯಾಗಿ ಹೊಲಿದುಬಿಡಿ," ಎಂದಳು. ಗಂಡನ ಕೈ ಇನ್ನೂ ಮೇಲೇ ಇತ್ತು. "ಅದನ್ನ ಇವ್ರಿಗೇ ಕಟ್ಟಿಕೊಡಿ. ಪಾಪ, ಅಷ್ಟು ಹೊತ್ತು ಆರಿಸಿದಾರೆ."